ಹುಲ್ಲುಹಾಸಿಗೆ ನುಗ್ಗಿದ ಹಳದಿ ಹೂವಿನ ಬಳ್ಳಿ: ಕಿತ್ತಷ್ಟೂ ಬರ್ತಾ ಉಂಟು, ಎಂತ ಮಾಡುವುದು?

ಸುಮಾ_ಪುತ್ತೂರು

ಎಲ್ಲರಿಗೂ ನಮಸ್ಕಾರ. ನಮ್ಮ ಅಂಗಳದ ಆಚೆ ಮೂರು ಸೆಂಟ್ಸ್‌ನಷ್ಟು ಜಾಗದಲ್ಲಿ ಹುಲ್ಲು ಬೆಳೆಸಿದ್ದೇವೆ, ಮಕ್ಕಳಿಗೆ ಆಡ್ಲಿಕ್ಕೆ ಅಂತ. ಪಕ್ಕದಲ್ಲಿ ಜೆಸಿಬಿಯಲ್ಲಿ ಕಡಿದ ದರೆ ಉಂಟು, ಎರಡಾಳು ಎತ್ತರ. ಮಣ್ಣು ಜಾರಬಾರದು ಅಂತ ಮನೆ ಕಟ್ಟುವಾಗಲೇ ಮಾವ ಅದಕ್ಕೆ ನರ್ಸರಿಯಿಂದ ತಂದ ಹಳದಿ ಹೂವಿನ ಬಳ್ಳಿ ನೆಡಿಸಿದ್ದರು. ದರೆಗೆ ಒಳ್ಳೆಯದೇ ಆಯ್ತು, ಕಡು ಬೇಸಗೆಯಲ್ಲೂ ಹಸುರಾಗಿರ್ತದೆ. ಆದರೆ ಕಳೆದ ಮಳೆಗಾಲದಿಂದ ಅದು ಕೆಳಗಿಳಿದು ಹುಲ್ಲಿನೊಳಗೆ ಹರಿಯಲಿಕ್ಕೆ ಶುರು ಮಾಡಿದೆ. ಈಗ ಅರ್ಧ ಜಾಗದಲ್ಲಿ ಹುಲ್ಲೇ ಕಾಣುವುದಿಲ್ಲ. ಎಳೆದರೆ ಗಂಟಿನ ಹತ್ತಿರ ಟಕ್ ಅಂತ ತುಂಡಾಗ್ತದೆ, ಬೇರು ಮಣ್ಣಲ್ಲೇ ಉಳೀತದೆ. ಕೆಲಸದವರಿಂದ ಕೀಳಿಸಿದ್ದೂ ಆಯ್ತು, ಮೆಷಿನಲ್ಲಿ ಹುಲ್ಲಿನ ಸಮಕ್ಕೆ ಕತ್ತರಿಸಿದ್ದೂ ಆಯ್ತು. ಮೆಷಿನ್ ಓಡಿಸಿದ ಮೇಲಂತೂ ಮೊದಲು ಇಲ್ಲದ ಮೂಲೆಯಲ್ಲೂ ಬಂದಿದೆ. ಯಾವ ಮದ್ದು ಹೊಡೀಬೇಕು ಹೇಳಿ ಮಾರಾಯ್ರೆ. ಬಾವಿ ಹತ್ತಿರವೇ ಉಂಟು, ಅದನ್ನೂ ನೋಡ್ಕೊಂಡು ಹೇಳಿ.

ಹಿತ್ತಲ_ಹರಟೆ (ಶಿರಸಿ)

ಎಲೆ ದಪ್ಪ, ಮೇಲೆ ಹೊಳಪು, ಎರಡೂ ಬದಿಗೆ ಒಂದೊಂದು ಮೊನೆ ಚಾಚಿ ಮೂರು ಭಾಗ ಆದ ಹಾಗೆ ಕಾಣುತ್ತದಾ? ಹೂವು ಪುಟ್ಟ ಸೂರ್ಯಕಾಂತಿ ಥರ, ಉದ್ದ ತೊಟ್ಟಿನ ಮೇಲೆ ಒಂದೊಂದೇ? ಹೌದಾದರೆ ಅದು ವೆಡೇಲಿಯಾ. ಸಿಂಗಪುರ ಡೈಸಿ ಅಂತಲೂ ಮಾರುತ್ತಾರೆ. ಸಿಂಗಪುರದ್ದೇನೂ ಅಲ್ಲ, ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ, ಕೆರಿಬಿಯನ್ ದ್ವೀಪಗಳು. ಈಗಿನ ಶಾಸ್ತ್ರೀಯ ಹೆಸರು ಸ್ಫ್ಯಾಗ್ನೆಟಿಕೋಲ ಟ್ರೈಲೋಬೇಟ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳು ಅಂತ ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್‌ನ ತಜ್ಞರ ಗುಂಪು ಒಂದು ಪಟ್ಟಿ ಮಾಡಿದೆಯಲ್ಲ, ಅದರಲ್ಲಿ ಲಂಟಾನ, ಕಮ್ಯುನಿಸ್ಟ್ ಗಿಡ, ಕೆರೆಗಳ ನೇರಳೆ ಹೂವಿನ ಅಂತರಗಂಗೆ ಇವುಗಳ ಜೊತೆ ಇದೂ ಇದೆ.

ಮದ್ದಿನ ಮಾತು ಆಮೇಲೆ. ಮೊದಲು ಒಂದು ಗೆಣ್ಣನ್ನು ಕೈಯಲ್ಲಿ ಹಿಡಿದು ನೋಡಿ. ಎದುರುಬದುರು ಎರಡು ಎಲೆ, ಎಲೆಯ ಸಂದಿಯಲ್ಲಿ ಎಳೆ ಚಿಗುರು, ಅಡಿಯಲ್ಲಿ ಬಿಳಿ ಮೊಳಕೆಬೇರು. ಆ ಬೇರು ಮಣ್ಣು ತಾಗುವುದನ್ನೇ ಕಾಯುತ್ತಿರುತ್ತದೆ. ಬೀಜದಿಂದ ಹರಡುವುದು ಕಮ್ಮಿ, ಇದರ ಸಂಸಾರ ಬೆಳೆಯುವುದೆಲ್ಲ ಕಾಂಡದ ತುಂಡಿನಿಂದಲೇ. ಬೆರಳುದ್ದದ ತುಂಡಲ್ಲಿ ಒಂದು ಗೆಣ್ಣಿದ್ದರೂ ಹೊಸ ಗಿಡ. ನಿಮ್ಮ ಮೆಷಿನ್ ಮಾಡಿದ್ದು ಕಟಾವಲ್ಲ, ನಾಟಿ.

ನಮ್ಮನೆ_ಬಾಲ್ಕನಿ (ಬೆಂಗಳೂರು)

ಮಧ್ಯೆ ಒಂದು ಡೌಟು. ಇದು ಭೃಂಗರಾಜ ಅಲ್ವಾ? ನಮ್ಮತ್ತೆ ಪಾರ್ಕಿಂದ ಇದನ್ನೇ ಕಿತ್ಕೊಂಡು ಬಂದು ತಲೆಗೆ ಎಣ್ಣೆ ಕಾಯಿಸ್ತಾರೆ.

ಹಿತ್ತಲ_ಹರಟೆ (ಶಿರಸಿ)

ಅಲ್ಲ ತಂಗಿ. ಎಣ್ಣೆಗೆ ಹಾಕುವ ಗರುಗ ಬಿಳಿ ಹೂವಿನದ್ದು, ಎಲೆ ಒರಟು, ಕಾಂಡ ಜಜ್ಜಿದರೆ ಸ್ವಲ್ಪ ಹೊತ್ತಲ್ಲಿ ಕಪ್ಪಾಗುತ್ತದೆ. ಹಳದಿ ಹೂವಿನ ಗರುಗ ಅಂತ ಇನ್ನೊಂದಿದೆ, ಅದೂ ಔಷಧಿಯದ್ದೇ, ಗದ್ದೆಬದು ತೇವದ ಜಾಗದಲ್ಲಿ ಬರುತ್ತದೆ. ಅದು ವೆಡೇಲಿಯಾದ ಹತ್ತಿರದ ನೆಂಟ, ಅದಕ್ಕೇ ಜನ ಮೋಸ ಹೋಗುವುದು. ಆದರೆ ಅದರ ಎಲೆ ಸಪೂರ, ಉದ್ದ, ಮೂರು ಮೊನೆ ಇರುವುದಿಲ್ಲ. ಪಾರ್ಕಿನದ್ದು ಬೇಡ ಅಂತ ಅತ್ತೆಗೆ ಹೇಳಿ. ಅಲ್ಲಿ ಯಾವ ಮದ್ದು ಹೊಡೆದಿರುತ್ತಾರೋ.

ಗ್ರೀನ್_ಬ್ಲಾಕ್_ಬಿ (ಬೆಂಗಳೂರು)

ಇಷ್ಟೆಲ್ಲ ಕಷ್ಟ ಯಾಕೆ ಮೇಡಂ. ನಮ್ಮ ಅಪಾರ್ಟ್‌ಮೆಂಟಲ್ಲಿ ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆಸಿದ್ವಿ, ಎರಡು ವಾರಕ್ಕೆ ಎಲ್ಲ ಒಣಗಿ ಹೋಯ್ತು. ಆನ್‌ಲೈನಲ್ಲೇ ಸಿಗುತ್ತೆ.

ತೋಟದ_ಮೇಷ್ಟ್ರು (ಹಾಸನ)

ಎಲ್ಲ ಒಣಗಿತು ಅಂದಿರಲ್ಲ, ಆ 'ಎಲ್ಲ'ದಲ್ಲಿ ಹುಲ್ಲೂ ಸೇರಿತ್ತು ತಾನೆ? ತೋಟಗಾರಿಕೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗ್ಲೈಫೋಸೇಟ್‌ಗೆ ಹುಲ್ಲು, ಕಳೆ ಎಂಬ ಭೇದ ಇಲ್ಲ. ಹಸಿರೆಲೆಯಿಂದ ಒಳಹೊಕ್ಕು ಬೇರಿಗೆ ಇಳಿದು ಸಾಯಿಸುತ್ತದೆ. ಹುಲ್ಲುಹಾಸಿನ ಮಧ್ಯೆ ಹೊಡೆದರೆ ಬೋಳು ನೆಲ ಉಳಿಯುತ್ತದೆ, ಆ ಬೋಳು ನೆಲಕ್ಕೆ ಮೊದಲು ಬರುವುದು ಅಂಚಿನಲ್ಲಿ ಉಳಿದ ಇದೇ ಬಳ್ಳಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಪರವಾನಗಿ ಪಡೆದ ಕೀಟ ನಿಯಂತ್ರಣದವರನ್ನು ಬಿಟ್ಟು ಬೇರೆ ಯಾರೂ ಗ್ಲೈಫೋಸೇಟ್ ಬಳಸಬಾರದು ಅಂದಿದೆ. ಆ ಅಧಿಸೂಚನೆಯ ಪ್ರಕಾರ ಮನೆಯವರೇ ಡಬ್ಬ ತರಿಸಿ ಹೊಡೆಯುವಂತಿಲ್ಲ.

ಹುಲ್ಲು ಉಳಿಸಿ ಅಗಲ ಎಲೆಯ ಕಳೆಯನ್ನು ಮಾತ್ರ ಕೊಲ್ಲುವುದು 2,4-ಡಿ. ಆದರೆ ಪುತ್ತೂರಿನ ಮನೆಯಂಗಳ ಅಂದರೆ ಸುತ್ತ ಏನೇನಿರುತ್ತದೆ? ಪಪ್ಪಾಯಿ, ಬದನೆ, ಮೆಣಸು, ತೊಂಡೆ ಚಪ್ಪರ. ಗಾಳಿಗೆ ತೇಲಿದ ಹನಿ ತಾಗಿದರೂ ಇವುಗಳ ಎಲೆ ಮುರುಟಿಕೊಳ್ಳುತ್ತದೆ. ಅದರಲ್ಲೂ ಎಸ್ಟರ್ ರೂಪದ್ದು ಬಿಸಿಲಿಗೆ ಆವಿಯಾಗಿ ದೂರ ಹೋಗುತ್ತದೆ. ಜೊತೆಗೆ ಒಂದೇ ಸಲಕ್ಕೆ ಈ ಬಳ್ಳಿ ಸಾಯುವುದೂ ಇಲ್ಲ, ಚಿಗುರಿದ ಹಾಗೆ ಮತ್ತೆ ಹೊಡೆಯಬೇಕು. ಬಾವಿ ಪಕ್ಕ, ಮಕ್ಕಳು ಆಡುವ ಜಾಗ. ನಾನಾಗಿದ್ದರೆ ಮುಟ್ಟುವುದಿಲ್ಲ.

ಪ್ಯಾರಾಕ್ವಾಟ್ ಅಂತ ಯಾರಾದರೂ ಹೇಳಿದರೆ ಕಿವಿಗೇ ಹಾಕಿಕೊಳ್ಳಬೇಡಿ. ಅದು ಎಲೆ ಸುಡುತ್ತದೆ, ಬೇರಿಗೆ ಏನೂ ಆಗುವುದಿಲ್ಲ. ಮನುಷ್ಯರ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ.

ಸುಮಾ_ಪುತ್ತೂರು

ಹಾಗಾದರೆ ಮದ್ದು ಬೇಡ ಸಾರ್. ಉಪ್ಪು ಹಾಕಿದರೆ ಆಗ್ತದಾ? ಪಕ್ಕದ ಮನೆಯವರು ಹೇಳ್ತಿದ್ದರು.

ಕರಿಕಿ_ಧಾರವಾಡ

ಉಪ್ಪ ಹಾಕಬ್ಯಾಡ್ರಿ ಅಕ್ಕಾರ! ಕರಾವಳಿಗೆ ಸಮುದ್ರ ಸಾಲ್ದು ಅಂತ ಅಂಗಳಕ್ಕೂ ತರ್ತೀರೇನು? ಮಣ್ಣ ಕೆಟ್ರ ಆ ಬಳ್ಳಿಗೆ ಏನೂ ಆಗೂದಿಲ್ಲ, ಅದು ಸಮುದ್ರದ ದಂಡಿಗೂ ಬೆಳೀತದ. ಮೊದಲ ಸಾಯೂದು ನಿಮ್ಮ ಹುಲ್ಲು.

ನಮ್ಮ ಕಡೆ ಅಂಗಳಕ್ಕ ಕರಿಕಿನ ಹಾಕೂದು, ಅದರಾಗ ಬರೂ ಕಸ ಬ್ಯಾರೆ, ಜೇಕು ಮತ್ತ ಕಾಂಗ್ರೆಸ್ ಕಸ. ನಿಮ್ಮ ಕಡೆ ಕಮ್ಯುನಿಸ್ಟ್ ಗಿಡ. ಈ ಹಳದಿ ಹೂವಿನದಕ್ಕ ಇನ್ನೂ ಯಾವ ಪಕ್ಷದ ಹೆಸರೂ ಬಂದಿಲ್ಲ, ಎಲೆಕ್ಷನ್ ಬರ್ಲಿ ನೋಡೂಣು.

ಒಂದು ಕೇಳೂದಿತ್ತು ಮೇಷ್ಟ್ರ. ಕಾಂಗ್ರೆಸ್ ಕಸಕ್ಕ ಒಂದು ಹುಳ ಬಿಟ್ಟಿದ್ರಲ್ಲ, ಅದು ಇದನ್ನ ತಿನ್ನೂದಿಲ್ಲೇನ್ರಿ?

ತೋಟದ_ಮೇಷ್ಟ್ರು (ಹಾಸನ)

ಆ ಜೀರುಂಡೆಯನ್ನು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದು. ಪಾರ್ಥೇನಿಯಂ ಅದರ ಊಟ. ನಡುವೆ ಸೂರ್ಯಕಾಂತಿ ಹೊಲದಲ್ಲಿ ಅದು ಕಂಡು ದೊಡ್ಡ ಗಲಾಟೆಯೇ ಆಗಿತ್ತು. ವೆಡೇಲಿಯಾ ಅದೇ ಸೂರ್ಯಕಾಂತಿ ಕುಟುಂಬದ್ದಾದರೂ ಆ ಹುಳ ನಿಮ್ಮ ಅಂಗಳ ಚೊಕ್ಕ ಮಾಡಿಕೊಡುವುದಿಲ್ಲ. ಕೈಯಿಂದಲೇ ಆಗಬೇಕು.

ಮುಂಗಾರು_ಮಳಿಗೆ (ಮೈಸೂರು)

ಎಲ್ಲರೂ ಒಂದೇ ಕಡೆ ವಾದ ಮಾಡುತ್ತಿದ್ದೀರಿ. ನೀರು ಬೇಡ, ಗೊಬ್ಬರ ಬೇಡ, ವರ್ಷವಿಡೀ ಹೂವು, ಜೇನು ಚಿಟ್ಟೆ ಬರುತ್ತವೆ. ಹೆದ್ದಾರಿ ಮಧ್ಯದಲ್ಲಿ, ಪಾರ್ಕಿನಲ್ಲಿ ಎಲ್ಲ ಕಡೆ ಇದನ್ನೇ ಹಾಕುತ್ತಾರೆ. ಹುಲ್ಲುಹಾಸು ಅನ್ನುವುದೇ ಬ್ರಿಟಿಷರು ಬಿಟ್ಟು ಹೋದ ಶೋಕಿ. ಅದನ್ನು ಉಳಿಸಲು ಇಷ್ಟು ಒದ್ದಾಡುವ ಬದಲು ಬಳ್ಳಿಯನ್ನೇ ಬಿಟ್ಟರೆ ಆಗದೇ?

ಹಿತ್ತಲ_ಹರಟೆ (ಶಿರಸಿ)

ಹುಲ್ಲುಹಾಸು ಶೋಕಿ ಅನ್ನುವುದು ಒಪ್ಪಿದೆ. ನನ್ನ ಮನೆಯಲ್ಲಿ ಹುಲ್ಲುಹಾಸೇ ಇಲ್ಲ. ಆದರೆ ಈ ಬಳ್ಳಿ ಅಂಗಳದಲ್ಲೇ ಇರುತ್ತೇನೆ ಅಂತ ಕರಾರು ಬರೆದುಕೊಟ್ಟಿಲ್ಲವಲ್ಲ. ಲಂಟಾನವೂ ಅಷ್ಟೇ, 1800ರ ದಶಕದ ಆರಂಭದಲ್ಲಿ ಚಂದದ ಹೂಗಿಡ ಅಂತ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂತು. ಈಗ ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಆನೆಗೆ ಮೇವಿನ ಜಾಗ ಉಳಿಸದ ಹಾಗೆ ಹಬ್ಬಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಲ್ಲಿ ಕುರ್ಚಿ ಮೇಜು ಮಾಡುತ್ತಾರೆ, ಅದು ಅವರ ಜಾಣತನ. ಹಾಗಂತ ಲಂಟಾನ ಒಳ್ಳೆಯದಾಯಿತೇ?

ವೆಡೇಲಿಯಾ ತೋಡಿನ ಬದಿ ಹಿಡಿದರೆ ಅಲ್ಲಿನ ಕೆಸು, ಜರಿಗಿಡ, ಒಂದೆಲಗ ಯಾವುದನ್ನೂ ಮೇಲೇಳಲು ಬಿಡುವುದಿಲ್ಲ. ಮೇಲಿಂದ ನೆರಳು ಕವಿಯುತ್ತದೆ, ಸಾಲದ್ದಕ್ಕೆ ಬೇರೆ ಬೀಜದ ಮೊಳಕೆಯನ್ನು ತಡೆಯುವ ರಾಸಾಯನಿಕವನ್ನೂ ಬಿಡುತ್ತದೆ. ನಮ್ಮಲ್ಲಿ ದನ ಅದಕ್ಕೆ ಬಾಯಿ ಹಾಕುವುದಿಲ್ಲ. ಜೇನಿಗೆ ತುಂಬೆ ಹಾಕಿ, ಬೇಕಾದಷ್ಟು ಬರುತ್ತದೆ.

ಬ್ರಿಸ್ಬೇನ್_ಭಟ್ಟ

ಆಸ್ಟ್ರೇಲಿಯಾದಿಂದ ಒಂದು ಮಾತು. ಇಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಗಿಡ 2014ರ ಜೈವಿಕ ಸುರಕ್ಷತಾ ಕಾಯ್ದೆಯ ನಿರ್ಬಂಧಿತ ಪಟ್ಟಿಯಲ್ಲಿದೆ. ಮಾರುವಂತಿಲ್ಲ, ಪಕ್ಕದ ಮನೆಯವರಿಗೆ ಒಂದು ಕಡ್ಡಿ ಕೊಡುವಂತಿಲ್ಲ, ಹೊರಗೆ ಎಸೆಯುವಂತಿಲ್ಲ. ಊರಿಗೆ ಬಂದಾಗ ನರ್ಸರಿಯಲ್ಲಿ ಇದನ್ನೇ ಕವರಿನಲ್ಲಿಟ್ಟು ಮಾರುವುದು ನೋಡಿ ನಗು ಬಂತು.

ಇಲ್ಲಿ ಇದಕ್ಕೆ ಮೆಟ್ಸಲ್ಫ್ಯೂರಾನ್ ಅನ್ನುವ ಕಳೆನಾಶಕ ಹೇಳುತ್ತಾರೆ. ಸುಮಕ್ಕನಿಗೆ ಅದನ್ನು ಹೇಳುವುದಿಲ್ಲ, ಭಾರತದಲ್ಲಿ ಅದು ಭತ್ತ, ಗೋಧಿಯಂಥ ಬೆಳೆಗೆ ಸಿಗುವುದು, ಮನೆ ಅಂಗಳಕ್ಕಲ್ಲ. ನನ್ನ ಪ್ರಶ್ನೆ ಬೇರೆ. ಇಷ್ಟು ದಿನ ಕಿತ್ತದ್ದನ್ನು ಎಲ್ಲಿ ಹಾಕಿದ್ದೀರಿ ಅಕ್ಕ?

ಸುಮಾ_ಪುತ್ತೂರು

ಕೆಲಸದವರು ಹಿಂದಿನ ತೋಡಿನ ಬದಿ ರಾಶಿ ಹಾಕ್ತಾರೆ. ಸ್ವಲ್ಪ ಗೊಬ್ಬರದ ಗುಂಡಿಗೂ ಹೋಗಿದೆ.

ಬ್ರಿಸ್ಬೇನ್_ಭಟ್ಟ

ತೋಡು ಎಲ್ಲಿಗೆ ಹೋಗುತ್ತದೋ ಅಲ್ಲಿಯವರೆಗೆ ಒಮ್ಮೆ ನಡೆದು ನೋಡಿ. ಮಳೆಗಾಲದಲ್ಲಿ ನೀರು ಆ ರಾಶಿಯನ್ನು ಎತ್ತಿಕೊಂಡು ಹೋಗಿರುತ್ತದೆ. ಗೊಬ್ಬರದ ಗುಂಡಿಯ ಮೇಲ್ಪದರ ತಣ್ಣಗಿದ್ದರೆ ಅಲ್ಲೂ ಚಿಗುರಿರುತ್ತದೆ. ಆ ಗೊಬ್ಬರ ತೆಂಗಿನ ಬುಡಕ್ಕೆ ಹೋಗುವ ಮೊದಲು ನೋಡಿಬಿಡಿ.

ಹಿತ್ತಲ_ಹರಟೆ (ಶಿರಸಿ)

ಭಟ್ಟರು ಸರಿಯಾದ ಜಾಗಕ್ಕೇ ಕೈ ಹಾಕಿದರು. ಕೀಳುವುದು ಅರ್ಧ ಕೆಲಸ, ಕಿತ್ತದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದು ಉಳಿದರ್ಧ. ಎಲ್ಲ ಕಡೆ ಎಡವುವುದು ಇಲ್ಲೇ. ಬೆಂಗಳೂರಿನಲ್ಲಿ ಪಾರ್ಕಿನವರು ಕತ್ತರಿಸಿದ್ದನ್ನು ಖಾಲಿ ಸೈಟಿನಲ್ಲಿ ಸುರಿಯುತ್ತಾರೆ, ಹೆದ್ದಾರಿಯವರು ರಸ್ತೆ ಅಂಚಿಗೆ ದೂಡುತ್ತಾರೆ, ಮುಂದಿನ ಮಳೆಗೆ ಅಲ್ಲೊಂದು ಹೊಸ ತೋಟ.

ಕೀಳುವ ಕ್ರಮ ಹೇಳುತ್ತೇನೆ. ಮೆಷಿನ್ ಮೂಲೆಗಿಡಿ. ಒಂದು ಮಳೆ ಬಿದ್ದು ಮಣ್ಣು ಸಡಿಲವಾದ ಮರುದಿನ ಶುರು ಮಾಡಿ. ಎಳೆಯಬೇಡಿ, ಎಳೆದರೆ ತುಂಡಾಗುತ್ತದೆ ಅಂತ ನೀವೇ ಹೇಳಿದಿರಿ. ಒಂದು ಅಂಚಿನಿಂದ ಹಿಡಿದು, ಗೆಣ್ಣಿನ ಅಡಿಗೆ ಮೊಂಡು ಕತ್ತಿಯ ತುದಿ ಅಥವಾ ಕೈಹಾರೆ ಹೊಗಿಸಿ ಮೀಟಬೇಕು. ಬೇರು ಆಳಕ್ಕೆ ಇರುವುದಿಲ್ಲ, ಸಡಿಲ ಮಣ್ಣಾದರೆ ಬುಡಸಮೇತ ಬರುತ್ತದೆ. ಹೀಗೆ ಗೆಣ್ಣು ಗೆಣ್ಣು ಮೀಟುತ್ತಾ ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬನ್ನಿ. ದಟ್ಟ ಇದ್ದ ಕಡೆ ಇದು ಬೇಗ ಆಗುತ್ತದೆ. ಹುಲ್ಲಿನ ಮಧ್ಯೆ ಅಲ್ಲೊಂದು ಇಲ್ಲೊಂದು ಎಳೆ ಹೋಗಿರುತ್ತದಲ್ಲ, ತಾಳ್ಮೆ ಬೇಕಾಗುವುದು ಅಲ್ಲಿ.

ಸುತ್ತಿದ್ದನ್ನು ನೆಲಕ್ಕೆ ಇಡಬೇಡಿ. ತಾರಸಿ ಅಥವಾ ಕಾಂಕ್ರೀಟ್ ಅಂಗಳದ ಮೇಲೆ ತೆಳ್ಳಗೆ ಹರಡಿ, ಕಾಂಡ ಬಗ್ಗಿಸಿದರೆ ಪಟ್ ಅಂತ ಮುರಿಯುವ ತನಕ ಒಣಗಲಿ. ಎಲೆ ಬಾಡಿದ್ದು ನೋಡಿ ಸತ್ತಿತು ಅಂದುಕೊಳ್ಳಬೇಡಿ, ಕಾಂಡದಲ್ಲಿ ಜೀವ ಇರುತ್ತದೆ. ಮಳೆ ಹಿಡಿದಿದ್ದರೆ ಡ್ರಮ್ಮಿಗೆ ತುಂಬಿ, ಮುಳುಗುವಷ್ಟು ನೀರು ಹಾಕಿ, ಮೇಲೆ ಕಲ್ಲಿಟ್ಟು ಮುಚ್ಚಳ ಬಿಗಿಯಿರಿ. ಕೊಳೆತು ಗೊಜ್ಜಾದ ಮೇಲೆ ಆ ನೀರನ್ನು ಅಡಿಕೆ ಬುಡಕ್ಕೆ ಹಾಕಬಹುದು. ವಾಸನೆ ಮಾತ್ರ ಕೇಳಬೇಡಿ. ಮುಚ್ಚಳ ಸಡಿಲ ಬಿಟ್ಟರೆ ಸೊಳ್ಳೆ.

ಹುಲ್ಲು ಪೂರ್ತಿ ಸತ್ತುಹೋದ ಜಾಗ ಇದ್ದರೆ ಅಲ್ಲಿ ಹೆಕ್ಕುತ್ತಾ ಕೂರಬೇಡಿ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿದೆಯಲ್ಲ, ನೆಲ ನೆನೆಸಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದೆಸಿ ಸುತ್ತ ಮಣ್ಣು ಮುಚ್ಚಿ. ನಾಲ್ಕರಿಂದ ಆರು ವಾರ ಬೇಯಲಿ.

ಕರಿಕಿ_ಧಾರವಾಡ

ಕೈಹಾರೀಗಿಂತ ಕಸ ತಗಿಯೂ ಕುರ್ಚಿಗಿ ಚಲೋ ಆಗ್ತದ್ರಿ. ಕೂತ ಜಾಗದಾಗ ಕೆಲಸ. ಆದ್ರ ಆ ದಟ್ಟ ಬಳ್ಳ್ಯಾಗ ಕೈ ಹಾಕೂ ಮೊದಲ ಬಡಿಗಿಲೆ ತಟ್ಟಿ ನೋಡ್ರಿ. ಅಡಿಗೆ ತಂಪ ಇರ್ತದ, ಹಾವು ಮಲಗಿರ್ತಾವ.

ಸುಮಾ_ಪುತ್ತೂರು

ಅದು ನಿಜ. ಹೋದ ವರ್ಷ ಅದರಡಿಯಿಂದಲೇ ಒಂದು ಕೊಳಕುಮಂಡಲ ಹೊರಗೆ ಬಂದಿತ್ತು. ಗಮ್ ಬೂಟ್ ಇಲ್ಲದೆ ಯಾರನ್ನೂ ಇಳಿಸುವುದಿಲ್ಲ.

ಈಗ ಮೇ ಕೊನೆ. ಮೊದಲ ಮಳೆ ಬಿದ್ದ ಕೂಡಲೇ ದರೆಯದ್ದನ್ನೂ ಸೇರಿಸಿ ಪೂರ್ತಿ ತೆಗೆಸಿಬಿಡ್ತೇನೆ. ಮೂಲವೇ ಹೋದರೆ ಮತ್ತೆ ಬರುವ ಮಾತೇ ಇಲ್ಲವಲ್ಲ?

ಕಾಫಿ_ಕಣಿವೆ (ಮಡಿಕೇರಿ)

ಬೇಡ. ದಯವಿಟ್ಟು ದರೆಗೆ ಈಗ ಕೈ ಹಾಕಬೇಡಿ. ಎರಡಾಳು ಎತ್ತರದ ಕಡಿದ ಮಣ್ಣನ್ನು ಜೂನ್ ಬಾಗಿಲಲ್ಲಿ ಬೋಳು ಮಾಡಿದರೆ ಜುಲೈ-ಆಗಸ್ಟಿನ ಆಟಿ ಮಳೆಗೆ ಅಂಗಳಕ್ಕೇ ಬಂದು ಕೂರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದು ನೋಡಿದವರು ನಾವು. ಅಂಥ ಕುಸಿತವನ್ನು ಯಾವ ಬಳ್ಳಿಯೂ ತಡೆಯುವುದಿಲ್ಲ, ಅದು ಬೇರೆ ಮಾತು. ಆದರೆ ಬಿರುಮಳೆಗೆ ಮೇಲ್ಮಣ್ಣು ಕೊಚ್ಚಿ ಹೋಗುವುದನ್ನು ಇದು ತಡೆಯುತ್ತದೆ. ಅದಕ್ಕೇ ನಿಮ್ಮ ಮಾವ ನೆಡಿಸಿದ್ದು.

ಈ ಮಳೆಗಾಲ ಹುಲ್ಲಿನ ಜಾಗ ಮಾತ್ರ ಚೊಕ್ಕ ಮಾಡಿ. ದರೆಯ ಬುಡಕ್ಕೂ ಹುಲ್ಲಿಗೂ ನಡುವೆ ಒಂದು ಗೇಣು ಅಗಲ, ಒಂದು ಗೇಣು ಆಳದ ಚರಂಡಿ ತೆಗೆಯಿರಿ, ಅಥವಾ ಕಡಪ ಕಲ್ಲು ಹುಗಿಯಿರಿ. ದಾಟಿ ಬಂದ ಎಳೆ ಕಣ್ಣಿಗೆ ಬೀಳುತ್ತದೆ, ವಾರಕ್ಕೊಮ್ಮೆ ಕತ್ತರಿಸಿ ಹೆಕ್ಕಿದರೆ ಆಯಿತು. ಜೊತೆಗೇ ದರೆಯಲ್ಲಿ ಅಡ್ಡಡ್ಡ ಸಾಲಾಗಿ, ಸಾಲಿನ ಜಾಗದಷ್ಟೇ ಬಳ್ಳಿ ಬಿಡಿಸಿ ಲಾವಂಚ ಊರಿ. ಅದರ ಬೇರು ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ, ಎರಡು ಮೂರು ಮೀಟರ್ ತನಕವೂ ಹೋಗುತ್ತದೆ. ವೆಡೇಲಿಯಾದ್ದು ಮೇಲಿನ ಒಂದು ಪದರಕ್ಕೆ ಮಾತ್ರ. ಲಾವಂಚ ಬಲಿತ ಮೇಲೆ ಸಾಲುಗಳ ನಡುವಿನದ್ದನ್ನು ಪಟ್ಟಿ ಪಟ್ಟಿಯಾಗಿ ತೆಗೆದುಕೊಂಡು ಬನ್ನಿ. ಒಂದು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ.

ತೋಟದ_ಮೇಷ್ಟ್ರು (ಹಾಸನ)

ಇದು ಸರಿಯಾದ ಸಲಹೆ. ಚೊಕ್ಕ ಮಾಡಿದ ಜಾಗವನ್ನು ಖಾಲಿ ಬಿಡಬೇಡಿ, ಅದೇ ದಿನ ಹುಲ್ಲಿನ ತುಂಡು ಊರಿ. ಕೆಂಪು ಮಣ್ಣು, ಮರಳು, ಪುಡಿ ಗೊಬ್ಬರ ತೆಳ್ಳಗೆ ಉದುರಿಸಿ. ಕತ್ತರಿಸುವಾಗ ನೆಲಕ್ಕೆ ಹತ್ತಿಸಿ ಬೋಳಿಸುವುದು ಬಿಟ್ಟು ಎರಡು ಇಂಚು ಉಳಿಸಿ. ಹುಲ್ಲು ದಟ್ಟ ಇದ್ದರೆ ಗೆಣ್ಣಿಗೆ ಮಣ್ಣು ಸಿಗುವುದಿಲ್ಲ. ಮಾವಿನ ಮರದ ನೆರಳಿದ್ದ ಕಡೆ ಸಣ್ಣೆಲೆ ಹುಲ್ಲು ಬಾರದು, ಅಲ್ಲಿ ಅಗಲ ಎಲೆಯ ಬಫಲೋ ಹುಲ್ಲು ಹಾಕಿ.

ಸುಮಾ_ಪುತ್ತೂರು

ದೀಪಾವಳಿ ಕಳೀತು, ಇಲ್ಲಿಯ ವರದಿ ಹೇಳ್ತೇನೆ. ದರೆ ಹಾಗೆಯೇ ಉಂಟು, ಲಾವಂಚ ಮೂರು ಸಾಲು ಹಿಡಿದಿದೆ, ಒಂದು ಸಾಲು ಜುಲೈಯ ಮಳೆಗೆ ತೊಳೆದು ಹೋಯ್ತು. ಚರಂಡಿ ತುಂಬಾ ಉಪಕಾರ ಆಯ್ತು. ಹುಲ್ಲಿನ ಜಾಗದಲ್ಲಿ ಮುಕ್ಕಾಲು ಪಾಲು ವಾಪಸ್ ಹುಲ್ಲೇ. ಉಳಿದ ಕಾಲು ಪಾಲಿನಲ್ಲಿ ಎಳೆಗಳು ಬರ್ತಾ ಇರ್ತವೆ, ಬೆಳಿಗ್ಗೆ ಚಾ ಕುಡಿದು ಒಂದು ಸುತ್ತು ಹೋಗಿ ಹೆಕ್ತೇನೆ. ಡ್ರಮ್ಮಿನ ವಾಸನೆಗೆ ಮನೆಯವರು ಆ ಕಡೆ ಬರುವುದೇ ಬಿಟ್ಟಿದ್ದಾರೆ.

ಒಂದು ನಷ್ಟ ಆಯ್ತು. ಕೆಲಸಕ್ಕೆ ಬಂದ ಹುಡುಗ ಹರಿಯುವ ಬಳ್ಳಿ ಎಲ್ಲ ತೆಗೀಬೇಕು ಅಂತ ತಿಳ್ಕೊಂಡು ಹುಲ್ಲಿನ ಮಧ್ಯೆ ಇದ್ದ ತಿಮರೆಯನ್ನೂ (ಒಂದೆಲಗ) ಬುಡಸಮೇತ ಕಿತ್ತು ಡ್ರಮ್ಮಿಗೆ ಹಾಕಿದ್ದಾನೆ. ಅತ್ತೆಯ ಚಟ್ನಿಗೆ ಅದೇ ಆಗಬೇಕು. ಎರಡು ದಿನ ಮಾತಿರಲಿಲ್ಲ.

ಭಟ್ರು ಹೇಳಿದ ಹಾಗೆ ತೋಡಿನುದ್ದಕ್ಕೆ ನಡೆದೆವು. ರಾಶಿ ಹಾಕಿದ ಜಾಗದಲ್ಲಿ ಇರುವುದು ಸರಿಯೇ, ಕೆಳಗೆ ಮೋರಿಯ ಬಾಯಿಯಲ್ಲೂ ಒಂದು ಹಾಸಿಗೆಯಷ್ಟು ಬೆಳೆದಿತ್ತು. ಅಲ್ಲಿಂದ ಮುಂದೆ ಬೇರೆಯವರ ಅಡಿಕೆ ತೋಟ. ತೋಟದೊಳಗೆ ಇನ್ನೂ ಹೋಗಿರಲಿಲ್ಲ. ಅವರಿಗೆ ಹೇಳಿದ್ದೇವೆ, ಮೋರಿಯದ್ದನ್ನು ಎರಡೂ ಮನೆಯವರು ಸೇರಿ ತೆಗೆದಾಯ್ತು.

ಬ್ರಿಸ್ಬೇನ್_ಭಟ್ಟ

ಮೋರಿಯ ಹತ್ತಿರ ಮುಂದಿನ ಜೂನ್‌ನಲ್ಲಿ ಮತ್ತೊಮ್ಮೆ ನೋಡಿ ಅಕ್ಕ. ಕಲ್ಲಿನ ಸಂದಿಯಲ್ಲಿ ತುಂಡು ಉಳಿದಿರುತ್ತದೆ.

ಕಾಫಿ_ಕಣಿವೆ (ಮಡಿಕೇರಿ)

ತೊಳೆದು ಹೋದ ಸಾಲಿಗೆ ಈಗಲೇ ಊರಬೇಡಿ, ನೀರು ಹೊತ್ತು ಸಾಕಾಗುತ್ತದೆ. ಹಿಡಿದ ಮೂರು ಸಾಲಿನ ಬುಡದಿಂದಲೇ ಮುಂದಿನ ಮಳೆಗೆ ಕವಲು ಬಿಡಿಸಿದರೆ ಹೊರಗಿಂದ ತರುವುದೂ ಬೇಡ. ನೆಡುವ ಮೊದಲು ಎಲೆಯನ್ನು ಒಂದು ಗೇಣಿಗೆ ಕತ್ತರಿಸಿ.

ನಮ್ಮನೆ_ಬಾಲ್ಕನಿ (ಬೆಂಗಳೂರು)

ಸುಮಾ ಅವರೇ, ಒಂದೆಲಗ ನಮ್ಮ ಕುಂಡದಲ್ಲಿ ತುಂಬಿಕೊಂಡಿದೆ. ಡಿಸೆಂಬರಲ್ಲಿ ಸುಬ್ರಹ್ಮಣ್ಯಕ್ಕೆ ಬರ್ತಿದ್ದೀವಿ, ಪುತ್ತೂರು ಅಲ್ಲಿಂದ ತುಂಬಾ ದೂರ ಇಲ್ವಲ್ಲ, ಬೇಕಿದ್ರೆ ಒಂದು ಕವರಲ್ಲಿ ತರ್ತೀನಿ.

ಸುಮಾ_ಪುತ್ತೂರು

ತನ್ನಿ ತನ್ನಿ. ಊಟಕ್ಕೆ ನಮ್ಮಲ್ಲಿಗೇ ಬನ್ನಿ. ಹುಡುಗನಿಗೆ ಈ ಸಲ ಮೊದಲೇ ತೋರಿಸಿ ಇಡ್ತೇನೆ.